ಇಂಗ್ಲಿಷ್ ತಪ್ಪುಗಳು: ಯಾವುದಕ್ಕೆ ಸಿಟ್ಟಾಗಬೇಕು?

ಇಂಗ್ಲಿಷ್ ವ್ಯಾಕರಣದ ವಿಷಯದಲ್ಲಿ ಕಟ್ಟುನಿಟ್ಟಾಗಿರುವವರ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವ್ಯರ್ಥ ಎಂಬುದು ನನ್ನ ಅಭಿಪ್ರಾಯ. 'ಲೆಸ್' ಮತ್ತು 'ಫ್ಯೂಯರ್' ಕುರಿತ ತಕರಾರನ್ನೇ ನೋಡಿ. ಎಣಿಸಬಹುದಾದ ವಸ್ತುಗಳಿಗೆ 'ಫ್ಯೂಯರ್', ಎಣಿಸಲಾಗದವಕ್ಕೆ 'ಲೆಸ್' ಎಂದು ನಮಗೆಲ್ಲ ಬಾಯಿಪಾಠ ಮಾಡಿಸಿದ್ದಾರೆ. ಈ ನಿಯಮದ ಬೇರನ್ನು ಹುಡುಕುತ್ತ ಹೋದರೆ 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ಬರೆದ ಪುಸ್ತಕಕ್ಕೆ ಬಂದು ನಿಲ್ಲುತ್ತೇವೆ. ಆತನೂ 'ಫ್ಯೂಯರ್' ಹೆಚ್ಚು ಸೊಗಸೂ ಸಮಂಜಸವೂ ಆಗಿ ತನಗೆ ತೋರುತ್ತದೆ ಎಂದಿದ್ದನೇ ಹೊರತು ಯಾರಿಗೂ ಕಟ್ಟಪ್ಪಣೆ ಮಾಡಿರಲಿಲ್ಲ. ಅವನಿಗಿಂತ ಎಷ್ಟೋ ಶತಮಾನ ಹಿಂದೆ, ಒಂಬತ್ತನೆಯ ಶತಮಾನದ ಇಂಗ್ಲೆಂಡಿನ ದೊರೆ ಆಲ್ಫ್ರೆಡ್‌ನ ಕಾಲದ ಬರಹದಲ್ಲಿಯೇ, ಎಣಿಕೆಯ ವಸ್ತುಗಳಿಗೂ 'ಲೆಸ್' ಬಳಕೆಯಾಗಿದೆ. ಹೀಗಿದ್ದರೂ ಬ್ರಿಟನ್ನಿನ ಟೆಸ್ಕೊ ಮಳಿಗೆಗಳು ಕಡಿಮೆ ಸಾಮಾನು ಕೊಂಡವರ ಬಿಲ್ ಕೌಂಟರಿನ 'ಟೆನ್ ಐಟಮ್ಸ್ ಆರ್ ಲೆಸ್' ಎಂಬ ಫಲಕದ ಕಾರಣಕ್ಕೆ ಟೀಕೆ ಕೇಳಬೇಕಾಯಿತು. 2008ರಲ್ಲಿ ಅವು 'ಅಪ್ ಟು ಟೆನ್ ಐಟಮ್ಸ್' ಎಂದು ಬರೆಸಿ, ಎರಡೂ ಪದಗಳ ಸಹವಾಸವನ್ನೇ ಬಿಟ್ಟು ಜಾಣತನ ಮೆರೆದವು.

ನಮ್ಮವರ 'ಡಿಸ್ಕಸ್ ಅಬೌಟ್', 'ಕಸಿನ್ ಬ್ರದರ್' ಇವುಗಳ ಮೇಲಿನ ಅಪಹಾಸ್ಯವೂ ನನಗೆ ಒಪ್ಪಿಗೆಯಿಲ್ಲ. ಒಂದು ವಿಷಯದ ಬಗ್ಗೆ ಚರ್ಚಿಸುವುದು ನಮಗೆ ರೂಢಿಯಾದ್ದರಿಂದ 'ಅಬೌಟ್' ತಾನಾಗಿ ಬಂದು ಸೇರುತ್ತದೆ; ಕೇಳುವವರಿಗೆ ಅರ್ಥವೇನೂ ಕೆಡುವುದಿಲ್ಲ. ಚಿಕ್ಕಪ್ಪನ ಮಗನೋ ಮಗಳೋ ಎಂಬುದನ್ನೂ ಹೇಳದ 'ಕಸಿನ್' ಪದಕ್ಕೆ 'ಬ್ರದರ್' ಸೇರಿಸುವುದರಲ್ಲಿ ನಮ್ಮ ಮಟ್ಟಿಗೆ ನ್ಯಾಯವೇ ಇದೆ. ಸಭೆಯನ್ನು 'ಪ್ರಿಪೋನ್' ಮಾಡುವುದಂತೂ ತಪ್ಪೇ ಅಲ್ಲ, ಅದು ಇಂಗ್ಲಿಷಿಗೆ ಬೇಕಾಗಿದ್ದ ಪದ.

ಸಿಟ್ಟಿಗೆ ಅರ್ಹವಾದ ತಪ್ಪುಗಳೇ ಬೇರೆ. 'ನನಗೆ ಕಿಂಚಿತ್ತೂ ಲೆಕ್ಕಕ್ಕಿಲ್ಲ' ಎನ್ನಲು ಅಮೆರಿಕನ್ನರು ಹೇಳುವ 'ಐ ಕುಡ್ ಕೇರ್ ಲೆಸ್' ಎಂಬುದು, ಅಕ್ಷರಶಃ ನೋಡಿದರೆ, ಸ್ವಲ್ಪವಾದರೂ ಲೆಕ್ಕಕ್ಕಿದೆ ಎಂದೇ ಸಾರುತ್ತದೆ. 'ಬೆಗ್ಸ್ ದ ಕ್ವೆಶ್ಚನ್' ಎಂಬ ನುಡಿಗಟ್ಟಿನ ಗತಿ ಇನ್ನೂ ಕಷ್ಟದ್ದು. ಸಾಧಿಸಬೇಕಾದುದನ್ನೇ ಸಿದ್ಧವೆಂದು ಹಿಡಿದು ವಾದಿಸುವ ದೋಷಕ್ಕೆ ಅರಿಸ್ಟಾಟಲ್‌ನ ತರ್ಕಶಾಸ್ತ್ರದಿಂದ, ಲ್ಯಾಟಿನ್ ಮೂಲಕ, ಇಂಗ್ಲಿಷಿಗೆ ಬಂದ ಹೆಸರದು. ಈಗ ಸುದ್ದಿವಾಚಕರ ಬಾಯಲ್ಲಿ 'ಪ್ರಶ್ನೆ ಏಳುತ್ತದೆ' ಎಂದಷ್ಟೇ ಆಗಿರುವುದರಿಂದ, ಆ ದೋಷವನ್ನು ಗುರುತಿಸಿ ಹೇಳಲು ಇದ್ದ ಸುಲಭದ ಮಾತೊಂದು ಮಸುಕಾಗಿದೆ.

ನಮ್ಮ ಕಚೇರಿಗಳ 'ರಿವರ್ಟ್' ಇದೇ ಸಾಲಿಗೆ ಸೇರಬೇಕು. ಉತ್ತರಿಸಿ ಎನ್ನಲು 'ಪ್ಲೀಸ್ ರಿವರ್ಟ್' ಎಂದು ಬರೆಯುವುದು ಸರ್ಕಾರಿ ಕಡತಗಳ ಕಾಲಕ್ಕೆ ಸಹ್ಯವಾಗಿದ್ದಿರಬಹುದು. ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯಲ್ಲಿ 'ರಿವರ್ಟ್' ಎಂದರೆ ಮಾಡಿದ ಬದಲಾವಣೆಯನ್ನು ಹಿಂತೆಗೆದು ಕೋಡನ್ನು ಹಿಂದಿನ ಸ್ಥಿತಿಗೆ ತರುವುದು. ಕೋಡಿನ ಬದಲಾವಣೆಗಳ ದಾಖಲೆ ಇಡುವ 'ಗಿಟ್' ಎಂಬ ತಂತ್ರಾಂಶದಲ್ಲಿ ಆ ಹೆಸರಿನ ಆಜ್ಞೆಯೇ ಇದೆ. ಶುಕ್ರವಾರ ಸಂಜೆ ಮ್ಯಾನೇಜರ್ ಸಾಹೇಬರಿಂದ 'ಪ್ಲೀಸ್ ರಿವರ್ಟ್ ಆನ್ ದಿಸ್ ಚೇಂಜ್' ಎಂಬ ಮೇಲ್ ಬಂದರೆ, ಹೊಸದಾಗಿ ಸೇರಿದ ಹುಡುಗಿ ಅದಕ್ಕೆ ಉತ್ತರ ಬರೆಯಬೇಕೇ, ವಾರವಿಡೀ ಮಾಡಿದ ಕೆಲಸವನ್ನು ಅಳಿಸಬೇಕೇ? ಇಲ್ಲಿ 'ರಿಪ್ಲೈ' ಎಂದೇ ಬರೆಯಿರಿ ಎಂದು ನಾನು ಹಟ ಹಿಡಿಯುತ್ತೇನೆ, ಯಾರು ಏನೇ ಅಂದುಕೊಳ್ಳಲಿ.