ಪ್ರಮಾಣಪತ್ರದ ಅವಧಿ ಮತ್ತು ಲೋಹದ ಆಯುಷ್ಯ

ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಲ್ಲಿ ಆರು ವರ್ಷ ದುಡಿದು, ಈಗ ಸೌದಿ ಅರೇಬಿಯಾದ ಜುಬೈಲ್‌ನಲ್ಲಿ ಒತ್ತಡದ ಪಾತ್ರೆ ಮತ್ತು ಪೈಪುಗಳ ತಪಾಸಣೆಯನ್ನೇ ಉದ್ಯೋಗವಾಗಿಸಿಕೊಂಡಿರುವ ನನಗೆ, ಇಲ್ಲಿನ ಲೆಕ್ಕ ನಮ್ಮೂರಿಗೂ ನಮ್ಮೂರಿನ ಕಣ್ಣು ಇಲ್ಲಿಗೂ ಬೇಕು ಎಂದು ದೃಢವಾಗಿ ಅನಿಸುತ್ತದೆ.

ನಮ್ಮಲ್ಲಿ 1923ರ ಬಾಯ್ಲರ್ ಕಾಯ್ದೆಯ ಕಾಲದಿಂದ ನಡೆದುಬಂದ ಕ್ರಮದಲ್ಲಿ ಬಾಯ್ಲರ್ ನಡೆಸಲು ಕೊಡುವ ಪ್ರಮಾಣಪತ್ರದ ಅವಧಿ ಸಾಮಾನ್ಯವಾಗಿ ಹನ್ನೆರಡು ತಿಂಗಳು. ಕಬ್ಬು ಅರೆಯುವುದು ನಿಂತ ಮೇಲೆ ಬಾಯ್ಲರ್ ತಣಿಸಿ, ಮ್ಯಾನ್‌ಹೋಲ್ ತೆರೆದು, ಡ್ರಮ್ಮಿನೊಳಗೆ ಇಳಿದು ನೋಡಿ, ಬಾಯ್ಲರ್ ನಡೆಯುವಾಗಿನ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ನೀರು ತುಂಬಿ ಪರೀಕ್ಷಿಸುತ್ತಿದ್ದೆವು. ಹಾಗೆ ಪಾಸಾದ ಬಾಯ್ಲರಿನಲ್ಲೇ ಒಂದು ವರ್ಷ ಹಂಗಾಮಿನ ನಡುವೆ ಎಕನಾಮೈಸರ್ (ಹೊರಹೋಗುವ ಹೊಗೆಯ ಶಾಖದಿಂದ ಬಾಯ್ಲರಿನ ನೀರನ್ನು ಮೊದಲೇ ಬಿಸಿಮಾಡುವ ಭಾಗ) ಟ್ಯೂಬ್ ಒಡೆಯಿತು. ಕಬ್ಬಿನ ಸಿಪ್ಪೆಯ ಬೂದಿ ಮತ್ತು ಮರಳು ಹೊಗೆಯೊಡನೆ ಹಾಯ್ದು ಟ್ಯೂಬನ್ನು ಹೊರಗಿನಿಂದ ಸವೆಸಿದ್ದವು. ನೀರಿನ ಪರೀಕ್ಷೆಯಿಂದ ಟ್ಯೂಬ್ ಆ ದಿನ ತಡೆದುಕೊಂಡಿತೆಂದಷ್ಟೇ ತಿಳಿಯುತ್ತದೆ. ಎಷ್ಟು ವೇಗವಾಗಿ ತೆಳುವಾಗುತ್ತಿದೆ ಎಂಬುದು ತಿಳಿಯುವುದಿಲ್ಲ.

ಜುಬೈಲ್‌ನಲ್ಲಿ ನಾವು ಅನುಸರಿಸುವ, ಬಳಕೆಯಲ್ಲಿರುವ ಪೈಪುಗಳ ತಪಾಸಣೆಗೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ರೂಪಿಸಿದ ಎಪಿಐ 570 ಸಂಹಿತೆ ಆ ವೇಗವನ್ನೇ ಕೇಳುತ್ತದೆ. ಪೈಪಿನ ಬಣ್ಣ ಉಜ್ಜಿ, ಜೆಲ್ ಸವರಿ, ಅಲ್ಟ್ರಾಸಾನಿಕ್ ಪ್ರೋಬ್ ಒತ್ತಿ ಹಿಡಿದರೆ ಪರದೆಯ ಮೇಲೆ ಗೋಡೆಯ ದಪ್ಪದ ಅಂಕಿ ನಿಲ್ಲುತ್ತದೆ. ಹೊಸದರಲ್ಲಿ 8.2 ಮಿ.ಮೀ. ಇದ್ದ ಗೋಡೆ ಹನ್ನೆರಡು ವರ್ಷದಲ್ಲಿ 5.8ಕ್ಕೆ ಇಳಿದಿದ್ದರೆ ಸವೆತ ವರ್ಷಕ್ಕೆ 0.2; ಕನಿಷ್ಠ 3.4 ಬೇಕಿದ್ದರೆ ಉಳಿದ ಆಯುಷ್ಯ ಹನ್ನೆರಡು ವರ್ಷ. ಅದರ ಅರ್ಧ, ಅಂದರೆ ಆರು ವರ್ಷ, ಅಥವಾ ಸಂಹಿತೆ ವಿಧಿಸಿದ ಗರಿಷ್ಠ ಅವಧಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟರೊಳಗೆ ಮತ್ತೆ ಅಳೆಯಲೇಬೇಕು.

ಆದರೆ ಅಳೆದ ಜಾಗವೇ ತಪ್ಪಾಗಿದ್ದರೆ ಈ ಲೆಕ್ಕ ಕೈಕೊಡುತ್ತದೆ. 2012ರ ಆಗಸ್ಟ್ 6ರಂದು ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿರುವ ಶೆವ್ರಾನ್ ಸಂಸ್ಕರಣಾಗಾರದಲ್ಲಿ ಒಡೆದದ್ದು 1976ರಲ್ಲಿ ಕೂಡಿಸಿದ ಪೈಪ್. ದಪ್ಪ ನೋಡುತ್ತಿದ್ದದ್ದು ಹೆಚ್ಚಾಗಿ ಎಲ್ಬೋಗಳಲ್ಲಿ, ಅಂದರೆ ಪೈಪು ತಿರುಗುವ ಬಾಗುಗಳಲ್ಲಿ. ಸಿಲಿಕಾನ್ ಅಂಶ ಕಡಿಮೆಯಿದ್ದ ನೇರ ತುಂಡೊಂದು ಗಂಧಕದ ಸವೆತಕ್ಕೆ ಸಿಕ್ಕಿ, ತೀರಾ ತೆಳುವಾಗುತ್ತ ಹೋಗಿತ್ತು. ಹೊತ್ತಿಕೊಂಡ ಬೆಂಕಿಯ ಹೊಗೆಯಿಂದಾಗಿ ಸುತ್ತಲಿನ ಸುಮಾರು 15,000 ಮಂದಿ ಚಿಕಿತ್ಸೆಗೆ ಹೋಗಬೇಕಾಯಿತು.

ಇಲ್ಲಿಯೂ ಏಣಿ ಸುಲಭವಾಗಿ ಎಟುಕುವ ಕಡೆಯೇ ಅಳತೆಯ ಬಿಂದುಗಳನ್ನು ಗುರುತಿಸಿರುವುದನ್ನು ನಾನು ಕಂಡಿದ್ದೇನೆ. ಇನ್ಸುಲೇಶನ್ ಅಡಿಯಲ್ಲಿ ನೀರಿಳಿದು ತುಕ್ಕು ಹಿಡಿದಿರುವುದು ಹೊದಿಕೆ ಬಿಚ್ಚಿದಾಗಲೇ ಕಾಣುತ್ತದೆ. ವರ್ಷಕ್ಕೊಮ್ಮೆ ಒಳಗಿಳಿದು, ಟಾರ್ಚು ಓರೆಯಾಗಿ ಹಿಡಿದು, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಿದ್ದ ನಮ್ಮ ಹಿರಿಯ ಫೋರ್‌ಮನ್ ಅಂಥ ಜಾಗವನ್ನು ಬಿಟ್ಟು ಮುಂದೆ ಹೋಗುತ್ತಿರಲಿಲ್ಲ.

ಹಳೆಯ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ. ಕಾಯ್ದೆ ಹೇಳಲಿ, ಬಿಡಲಿ, ನಮ್ಮ ಸಕ್ಕರೆ ಕಾರ್ಖಾನೆಗಳು ಬಾಯ್ಲರ್ ತೆರೆದ ದಿನವೇ ಎಕನಾಮೈಸರ್ ಟ್ಯೂಬುಗಳ ದಪ್ಪವನ್ನೂ ಅಳೆದು, ಪ್ರತಿ ಟ್ಯೂಬಿಗೂ ಒಂದು ಸಾಲಿನಂತೆ, ಹಿಂದಿನ ವರ್ಷದ ಅಂಕಿಯ ಪಕ್ಕದಲ್ಲೇ ಬರೆದಿಡಬೇಕು.