‘ಇತರೆ’ ಎಂಬ ಬಾಬ್ತು

ಮನೆಯಂಗಳದಲ್ಲಿ ಟಿಯರ್‌ಡ್ರಾಪ್ ಟ್ರೈಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮಲಗುವ ಗಾಡಿ, ಕಟ್ಟಲು ಹೊರಟವರು ಮೊಟ್ಟಮೊದಲು ತಯಾರಿಸುವುದು ಅಂದಾಜು ಪಟ್ಟಿಯನ್ನು. ಆಮೇಲೆ ತಯಾರಾಗುವ ಯಾವುದೂ ಅದರಷ್ಟು ಅಚ್ಚುಕಟ್ಟಾಗಿಯೂ ಇರುವುದಿಲ್ಲ, ಅದರಷ್ಟು ಅಗ್ಗವಾಗಿಯೂ ಇರುವುದಿಲ್ಲ. ನನ್ನ ಪಟ್ಟಿಯಲ್ಲಿ ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು), ಪ್ಲೈವುಡ್, ಅಲ್ಯೂಮಿನಿಯಂ ತಗಡು, ಚಕ್ರ, ದೀಪ, ಹಾಸಿಗೆ ಎಂಬ ಘನವಾದ ಬಾಬ್ತುಗಳಿದ್ದವು. ಅವುಗಳ ಕೆಳಗೆ, ಉಳಿದ ಜಾಗ ತುಂಬುವ ಸಲುವಾಗಿ ಮಾತ್ರ, ‘ಇತರೆ’ ಎಂದು ಬರೆದು, ಒಟ್ಟು ವೆಚ್ಚದ ಶೇಕಡಾ 5ರಷ್ಟನ್ನು ಅದಕ್ಕೆ ಉದಾರವಾಗಿ ಮಂಜೂರು ಮಾಡಿದ್ದೆ. ಟ್ರೈಲರ್ ರಸ್ತೆಗಿಳಿಯುವ ಹೊತ್ತಿಗೆ ಈ ‘ಇತರೆ’ಯು ಪ್ಲೈವುಡ್ಡನ್ನು ನುಂಗಿ, ಅಲ್ಯೂಮಿನಿಯಮ್ಮನ್ನು ಹಿಂದಿಕ್ಕಿ, ಚಾಸಿಯ ಸಮಕ್ಕೆ ಬಂದು ನಿಂತಿತ್ತು. ಅದು ಹಾಗೆ ಬೆಳೆದದ್ದು ಹೇಗೆಂಬುದನ್ನು ಲೆಕ್ಕದ ಪುಸ್ತಕದ ಆಧಾರದಿಂದಲೇ ಹೇಳುತ್ತೇನೆ. ಪುಸ್ತಕ ಬರೆದವನು ನಾನು. ತಪಾಸಣೆ ಮಾಡಿದವಳು ನನ್ನ ಹೆಂಡತಿ.

ವಸ್ತುವೇನೋ ಸರಳವಾದದ್ದೇ. ಮುಂದೆ ಗುಂಡಗಿದ್ದು ಹಿಂದಕ್ಕೆ ಹೋದಂತೆ ಇಳಿಜಾರಾಗುವ, ಹನಿಯಾಕಾರದ ಒಂದು ಪೆಟ್ಟಿಗೆ. ಒಳಗೆ ಇಬ್ಬರು ಮಲಗಬಹುದು, ಕೂರಬಹುದು, ನಿಲ್ಲುವಂತಿಲ್ಲ. ಹಿಂಬದಿಯ ಮುಚ್ಚಳವನ್ನು ಮೇಲೆತ್ತಿದರೆ ಅಡುಗೆಯ ಕಟ್ಟೆ; ಅಡುಗೆ ಮಾಡುವವರು ಮಾತ್ರ ಹೊರಗೆ, ಬಯಲಿನಲ್ಲಿ ನಿಂತಿರಬೇಕು. 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಮಾದರಿಯನ್ನು ಅಲ್ಲಿನ ಸಾಮಾನ್ಯ ಜನ ಹವ್ಯಾಸಿ ಪತ್ರಿಕೆಗಳಲ್ಲಿ ಅಚ್ಚಾದ ನಕ್ಷೆಗಳನ್ನು ನೋಡಿಕೊಂಡು ತಮ್ಮ ಮನೆಗಳಲ್ಲೇ ಕಟ್ಟುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲಂತೂ ಅದರ ಹುಚ್ಚು ಮತ್ತಷ್ಟು ಹಬ್ಬಿತು. ಈ ಮಾದರಿಯ ಜಾಣತನವೆಲ್ಲ ಇರುವುದು ಅದರ ಅಳತೆಯಲ್ಲಿ. ಪ್ಲೈವುಡ್ ಶೀಟು ನಾಲ್ಕಡಿ ಅಗಲ, ಎಂಟಡಿ ಉದ್ದ ಇರುತ್ತದೆ. ಟ್ರೈಲರ್ ಕೂಡ ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದ ಇರುತ್ತದೆ. ಒಂದು ಬದಿಗೆ ಒಂದು ಶೀಟು, ಇನ್ನೊಂದು ಬದಿಗೆ ಇನ್ನೊಂದು, ನೆಲಕ್ಕೆ ಮತ್ತೊಂದು. ಇಷ್ಟು ಸುಲಭವಾದ ಲೆಕ್ಕವನ್ನು ಕಂಡಾಗ ಮನುಷ್ಯನಿಗೆ ಧೈರ್ಯ ಬರುವುದು ಸಹಜ.

ಬೆಲೆಗಳು ಊರಿಗೊಂದು, ಕಾಲಕ್ಕೊಂದು ಬಗೆಯಾಗಿರುವುದರಿಂದ ಇಲ್ಲಿ ನಾನು ಹಣದ ಬದಲು ಪ್ಲೈವುಡ್ ಶೀಟನ್ನೇ ನಾಣ್ಯವಾಗಿ ಬಳಸುತ್ತೇನೆ. ನೀರು ತಡೆಯುವ, 18 ಮಿಲಿಮೀಟರ್ ದಪ್ಪದ ಒಳ್ಳೆಯ ಜಾತಿಯ ಒಂದು ಶೀಟಿನ ಬೆಲೆ ಒಂದು ನಾಣ್ಯ. ಕೆಲಸ ಆರಂಭವಾದ ಮೇಲೆ ನಮ್ಮ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದೂ ಇದೇ ನಾಣ್ಯದಲ್ಲಿ. “ಈ ಸೀರೆ ಒಂದೂವರೆ ಶೀಟು ಕೂಡ ಆಗಲಿಲ್ಲ” ಎಂದು ಹೆಂಡತಿ ಹೇಳಿದಾಗ ನಾನು ಮರುಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಮೊದಲ ಹೆಚ್ಚುವರಿ ವೆಚ್ಚ ಬಂದದ್ದು ಸಲಹೆಯ ರೂಪದಲ್ಲಿ. ನನ್ನ ಭಾವಮೈದುನ ಆರಡಿಯ ಆಳು. ನೆಲಕ್ಕೆಂದು ತಂದ ಶೀಟಿನ ಮೇಲೆ ಉದ್ದಕ್ಕೆ ಮಲಗಿ ನೋಡಿ, ಹಿಂಬದಿಯ ಅಡುಗೆ ಕಟ್ಟೆಗೆ ಬಿಟ್ಟ ಜಾಗವನ್ನು ಕಾಲಿನಿಂದಲೇ ಅಳೆದು, “ಭಾವ, ಕಾಲು ಗೋಡೆಗೆ ತಾಗುತ್ತದೆ. ಮೂರೇ ಮೂರು ಅಂಗುಲ ಉದ್ದ ಮಾಡಿಬಿಡಿ. ಮೂರಂಗುಲಕ್ಕೆ ಏನು ಮಹಾ ಖರ್ಚು?” ಎಂದ. ಎಂಟಡಿಯ ಶೀಟು ಎಂಟಡಿಗೇ ಮುಗಿಯುತ್ತದೆ. ಅದಕ್ಕೆ ಮೂರಂಗುಲ ಸೇರಿಸಬೇಕಾದರೆ ಇನ್ನೊಂದು ಪೂರ್ತಿ ಶೀಟು ತರಬೇಕು, ಏಕೆಂದರೆ ಪ್ಲೈವುಡ್ಡನ್ನು ಯಾರೂ ಪಟ್ಟಿಯ ಲೆಕ್ಕದಲ್ಲಿ ಮಾರುವುದಿಲ್ಲ. ತಂದ ಮೇಲೆ ಪಟ್ಟಿಗಳನ್ನು ಕೊಯ್ದು ಅಂಟಿಸಬೇಕು, ಅಂಟಿಸಿದ ಜಾಗಕ್ಕೆ ಹಿಂದಿನಿಂದ ಆಸರೆ ಕೊಡಬೇಕು, ಸಂದಿಗೆ ಎಪಾಕ್ಸಿ ಅಂಟು ತುಂಬಬೇಕು, ಒಣಗಿದ ಮೇಲೆ ಉಜ್ಜಬೇಕು. ಗೋಡೆ ಉದ್ದವಾದರೆ ಚಾಸಿ ಗಿಡ್ಡವಾಗಿರಲು ಒಪ್ಪುವುದಿಲ್ಲವಾದ್ದರಿಂದ ವೆಲ್ಡಿಂಗ್‌ನವರು ಅಡ್ಡಪಟ್ಟಿಯನ್ನು ಕತ್ತರಿಸಿ ಮತ್ತೆ ಕೂಡಿಸಿದರು. ಹೀಗೆ ಮೂರಂಗುಲದ ಸೌಕರ್ಯಕ್ಕೆ ಎರಡೂವರೆ ಶೀಟು ಬಿತ್ತು. ಅಂಗುಲಕ್ಕೆ ಹತ್ತಿರ ಹತ್ತಿರ ಒಂದು ಶೀಟು. ಟ್ರೈಲರ್ ಮುಗಿದ ಮೇಲೆ ಭಾವಮೈದುನ ಅದರಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ಅವನಿಗೆ ಕಿರಿದಾದ ಜಾಗದಲ್ಲಿ ಉಸಿರು ಕಟ್ಟಿದ ಹಾಗಾಗುತ್ತದಂತೆ.

ಛಾವಣಿಯ ಕಥೆ ಬೇರೆ. ಬಾಗಿದ ಗೆರೆ ಯಾವತ್ತೂ ನೇರ ಗೆರೆಗಿಂತ ಉದ್ದ ಎಂಬ ಸತ್ಯವನ್ನು ಶಾಲೆಯಲ್ಲಿ ಉಚಿತವಾಗಿ ಕಲಿಸಿದ್ದರು; ಈಗ ಅದಕ್ಕೆ ಶುಲ್ಕ ಕಟ್ಟಬೇಕಾಯಿತು. ಎಂಟಡಿ ಉದ್ದದ ಪೆಟ್ಟಿಗೆಯ ಮೂತಿಯಿಂದ ಬೆನ್ನಿನವರೆಗೆ ಟೇಪು ಹಿಡಿದರೆ ಅದು ಎಂಟಡಿಯನ್ನು ದಾಟಿ ಎಷ್ಟೋ ದೂರ ಹೋಗುತ್ತದೆ. ಇಲ್ಲಿಗೆ ಬೇಕಾದದ್ದು 3 ಮಿಲಿಮೀಟರ್‌ನ ತೆಳು ಪ್ಲೈವುಡ್. ಅದರ ಮೇಲ್ಪದರದ ನಾರು ಅಡ್ಡಕ್ಕೆ ಬರುವಂತೆ ಹಿಡಿದರೆ ಅದು ವಿನಯದಿಂದ ಬಾಗುತ್ತದೆ, ಉದ್ದಕ್ಕೆ ಬರುವಂತೆ ಹಿಡಿದರೆ ಬಾಗುವುದಕ್ಕಿಂತ ಮುರಿಯುವುದೇ ಮೇಲೆಂದು ತೀರ್ಮಾನಿಸುತ್ತದೆ. ಸರಿಯಾಗಿ ಹಿಡಿದರೂ ಮೂತಿಯ ಹತ್ತಿರದ ಕಡಿದಾದ ತಿರುವಿನಲ್ಲಿ ಬಿಸಿನೀರಿನಲ್ಲಿ ಅದ್ದಿದ ಟವೆಲ್ಲುಗಳನ್ನು ಹೊದಿಸಿ, ಅದರ ಮನಸ್ಸು ಕರಗುವವರೆಗೆ ಕಾಯಬೇಕು. ನಾವು ಕಾದೆವು. ಒಂದು ತುದಿಯನ್ನು ಸ್ಕ್ರೂ ಹಾಕಿ ಬಿಗಿದಿದ್ದೆ, ಇನ್ನೊಂದು ತುದಿಯನ್ನು ಭಾವಮೈದುನ ಎದೆಗೊತ್ತಿಕೊಂಡು ನಿಂತಿದ್ದ. ಅವನಿಗೆ ಅದೇ ಗಳಿಗೆಯಲ್ಲಿ ಸೀನು ಬಂತು. ಶೀಟು ಬಿಡುಗಡೆಯಾದ ರಭಸಕ್ಕೆ ಒದ್ದೆ ಟವೆಲ್ಲುಗಳು ಕಾಂಪೌಂಡಿನಾಚೆ ಹಾರಿ ಪಕ್ಕದ ಮನೆಯವರು ಒಣಹಾಕಿದ್ದ ಹಾಸಿಗೆಯ ಮೇಲೆ ಬಿದ್ದವು. ಶೀಟು ಮಾತ್ರ ಸ್ಕ್ರೂ ಹಾಕಿದ್ದ ತುದಿಯಲ್ಲಿ, ಒಣಗಿದ ಕಡ್ಡಿ ಮುರಿದ ಸದ್ದಿನೊಂದಿಗೆ, ಅಡ್ಡಕ್ಕೆ ಸೀಳಿತು. ಹೊಸ ಶೀಟಿಗೆ ಮುಂಚೆ ಅದನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪುಗಳು ಬೇಕೆಂದು ಆ ಸಂಜೆ ಇಬ್ಬರಿಗೂ ಏಕಕಾಲದಲ್ಲಿ ಹೊಳೆಯಿತು.

ಕ್ಲ್ಯಾಂಪುಗಳು ತಮ್ಮ ಜೊತೆಗೆ ಲೆಕ್ಕಶಾಸ್ತ್ರದ ಒಂದು ಮೂಲಭೂತ ಪ್ರಶ್ನೆಯನ್ನೂ ತಂದವು. ಕ್ಲ್ಯಾಂಪು, ಬಾಗಿದ ಗೆರೆ ಕೊಯ್ಯುವ ಜಿಗ್‌ಸಾ, ಅಂಚು ಸವರುವ ರೌಟರ್, ಉಜ್ಜುವ ಯಂತ್ರ ಇವೆಲ್ಲ ಟ್ರೈಲರ್‌ನ ಖರ್ಚಲ್ಲ, ಮನೆಯ ಆಸ್ತಿ ಎಂಬುದು ನನ್ನ ವಾದ. ಟ್ರೈಲರ್ ಮುಗಿದ ಮೇಲೂ ಅವು ಉಳಿಯುತ್ತವಲ್ಲ? “ಉಳಿಯುತ್ತವೆ ಸರಿ, ಉಳಿದು ಏನು ಮಾಡುತ್ತವೆ?” ಎಂದು ತಪಾಸಣಾಧಿಕಾರಿ ಕೇಳಿದಳು. ಅಡುಗೆಮನೆಯ ಕಪಾಟಿನ ಬಾಗಿಲನ್ನು ಸರಿಪಡಿಸುತ್ತವೆ ಎಂದು ನಾನು ಭರವಸೆ ಕೊಟ್ಟ ಮೇಲೆ ಅವುಗಳನ್ನು ಆಸ್ತಿಯೆಂದು ಒಪ್ಪಲಾಯಿತು. ಕಪಾಟಿನ ಬಾಗಿಲು ಇವತ್ತಿಗೂ ಒಂದೇ ತಿರುಗಣಿಯ ಮೇಲೆ ನೇತಾಡುತ್ತಿದೆ. ಸ್ವಂತ ಕೈಯಿಂದ ಕಟ್ಟಿದ ಟ್ರೈಲರ್ ಇಷ್ಟು ಅಗ್ಗವಾಯಿತು ಎಂದು ಯಾರಾದರೂ ಎದೆಯುಬ್ಬಿಸಿ ಹೇಳಿದರೆ, ಉಪಕರಣಗಳನ್ನು ಯಾವ ಖಾತೆಯಲ್ಲಿ ಬರೆದಿದ್ದೀರಿ ಎಂದು ಮೆಲ್ಲಗೆ ವಿಚಾರಿಸಬೇಕು.

‘ಇತರೆ’ಯನ್ನು ನಿಜವಾಗಿ ಕೊಬ್ಬಿಸಿದ್ದು ನೀರಿನ ಭಯ. ಟ್ರೈಲರ್‌ನ ಪರಮಶತ್ರು ಮಳೆ. ಅದು ಒಳಗೆ ಬರುವುದು ಕಿಟಕಿಯಿಂದಲ್ಲ, ಸ್ಕ್ರೂವಿನ ತೂತಿನಿಂದ. ಛಾವಣಿಯ ತಗಡು ಮತ್ತು ಬದಿಯ ತಗಡು ಸೇರುವ ಅಂಚಿನುದ್ದಕ್ಕೂ ಅಲ್ಯೂಮಿನಿಯಂ ಪಟ್ಟಿಯನ್ನು ಕೂರಿಸಿ ಎರಡೆರಡು ಅಂಗುಲಕ್ಕೆ ಒಂದರಂತೆ ಸ್ಕ್ರೂ ಹಾಕಬೇಕು. ಮಾಮೂಲಿ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಹೊಳೆಯುವ ತಗಡಿನ ಮೇಲೆ ಕಂದು ಗೆರೆಗಳನ್ನು ಎಳೆಯುವುದರಿಂದ ಅವೆಲ್ಲವೂ ಸ್ಟೇನ್‌ಲೆಸ್ ಸ್ಟೀಲಿನವೇ ಆಗಬೇಕು. ಒಂದೊಂದು ಸ್ಕ್ರೂವಿನ ಬೆಲೆ ನಗಣ್ಯ. ನಗಣ್ಯವಾದದ್ದನ್ನು ನೂರಾರು ಸಲ ಕೊಂಡಾಗ ಅದು ಸದ್ದಿಲ್ಲದೆ ಎರಡು ಶೀಟಾಗುತ್ತದೆ.

ಆ ಪಟ್ಟಿಯ ಅಡಿಗೆ, ನೀರು ಒಳಸೇರದಂತೆ, ಹಾಕುವುದು ಬ್ಯುಟೈಲ್ ಎಂಬ ರಬ್ಬರಿನಂಥ ಅಂಟಿನ ಟೇಪು. ಸಿಲಿಕೋನನ್ನು ಅಲ್ಲಿ ಬಳಸಬಾರದು. ಅದರ ಮೇಲೆ ಬಣ್ಣ ಕೂರುವುದಿಲ್ಲ, ಒಮ್ಮೆ ಬಿಟ್ಟುಕೊಂಡರೆ ಮತ್ತೊಂದು ಪದರ ಹಿಡಿಯುವುದೂ ಇಲ್ಲ. ಬ್ಯುಟೈಲ್ ಹಾಗಲ್ಲ, ಅದು ಎಂದೂ ಗಟ್ಟಿಯಾಗುವುದಿಲ್ಲ, ಯಾರನ್ನೂ ಬಿಡುವುದೂ ಇಲ್ಲ. ಬೂದುಬಣ್ಣದ ಆ ಅಂಟು ಸ್ಕ್ರೂ ಬಿಗಿದಾಗ ಅಂಚಿನಿಂದ ಒಂದಿಷ್ಟು ಹೊರಗಿಣುಕುತ್ತದೆ. ಬಿಸಿಲಿಗೆ ಮತ್ತಿಷ್ಟು ಇಣುಕುತ್ತದೆ. ಪ್ಲಾಸ್ಟಿಕ್ ಹಲಗೆಯಿಂದ ಕೆರೆದು ತೆಗೆದರೆ ಮರುವಾರ, ಏನೂ ಆಗಿಲ್ಲವೆಂಬಂತೆ, ಪುನಃ ಹಾಜರಾಗುತ್ತದೆ. ನನ್ನ ತೋಳಿಗೆ ಹತ್ತಿದ್ದು ಕುರ್ಚಿಗೆ, ಕುರ್ಚಿಯದು ಅತಿಥಿಯೊಬ್ಬರ ಬಿಳಿಯ ಪ್ಯಾಂಟಿಗೆ ದಾಟಿತು. ಆ ಪ್ಯಾಂಟಿನ ಪರಿಹಾರವನ್ನು ಹಾಸಿಗೆಯ ಖಾತೆಗೆ ಹಾಕುವಂತಿರಲಿಲ್ಲ.

ಬಾಗಿಲುಗಳ ವಿಷಯವನ್ನು ಬೇಗ ಮುಗಿಸುತ್ತೇನೆ: ಸಿದ್ಧವಾದದ್ದು ಕೊಂಡರೆ ಒಂದಕ್ಕೆ ನಾಲ್ಕೈದು ಶೀಟು, ನಾವೇ ಮಾಡಿಕೊಂಡರೆ ಒಂದು ಶೀಟು ಮತ್ತು ಒಂದು ತಿಂಗಳ ಮನಸ್ತಾಪ. ನಾವೇ ಮಾಡಿಕೊಂಡೆವು. ಛಾವಣಿಯ ಫ್ಯಾನು ಐಷಾರಾಮವೆಂದು ನಾನು ಪಟ್ಟಿಯಿಂದ ಹೊಡೆದುಹಾಕಿದ್ದೆ. ಆದರೆ ಇಬ್ಬರು ರಾತ್ರಿಯಿಡೀ ಉಸಿರಾಡಿದರೆ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಅಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಅದಕ್ಕೆ ಹೋಗಲು ಬೇರೆ ಜಾಗವಿಲ್ಲದೆ ತಣ್ಣಗಿನ ಛಾವಣಿಯಲ್ಲಿ ಹನಿಗಟ್ಟಿ, ಬೆಳಗಿನ ಜಾವ ಮೂಗಿನ ಮೇಲೆಯೇ ಬೀಳುತ್ತದೆ. ಮಳೆಯನ್ನು ಹೊರಗಿಡಲು ಅಷ್ಟು ಸ್ಕ್ರೂ ಬಿಗಿದವರಿಗೆ ತಮ್ಮದೇ ಉಸಿರು ಮಳೆಯಾಗಿ ಸುರಿಯುವುದು ಒಪ್ಪಿಗೆಯಾಗುವ ಮಾತಲ್ಲ. ಫ್ಯಾನಿಗೆ ಎರಡೂವರೆ ಶೀಟು. ಅದಕ್ಕೆ 12 ವೋಲ್ಟಿನ ಬ್ಯಾಟರಿ, ಬ್ಯಾಟರಿಗೆ ಪೆಟ್ಟಿಗೆ, ಫ್ಯೂಸು, ಚಾರ್ಜರು.

ದೀಪಗಳದ್ದು ಇನ್ನೂ ವಿಚಿತ್ರ. ಕಾರಿಗೆ ಜೋಡಿಸಿ ಪರೀಕ್ಷಿಸಿದಾಗ ಎಡಗಡೆಯ ಇಂಡಿಕೇಟರ್ ಹಾಕಿದರೆ ಬಲಗಡೆಯದು ಮಂಕಾಗಿ ಮಿನುಗುತ್ತಿತ್ತು, ಬ್ರೇಕ್ ಒತ್ತಿದರೆ ಉರಿಯುತ್ತಿದ್ದ ದೀಪಗಳೂ ಆರುತ್ತಿದ್ದವು. ಬಲ್ಬು ಬದಲಾಯಿಸಿದೆವು, ದೀಪದ ಜೋಡಿಯನ್ನೇ ಬದಲಾಯಿಸಿದೆವು, ತಂತಿಯನ್ನು ಚಾಸಿಯುದ್ದಕ್ಕೂ ಹೊಸದಾಗಿ ಎಳೆದೆವು. ದೀಪಗಳು ಮಾತ್ರ ತಮ್ಮ ಅಭಿಪ್ರಾಯ ಬದಲಿಸಲಿಲ್ಲ. ಕೊನೆಗೆ ಬಂದ ಎಲೆಕ್ಟ್ರಿಷಿಯನ್ ಅರ್ಥಿಂಗ್ ತಂತಿಯ ಬೋಲ್ಟನ್ನು ಬಿಚ್ಚಿ, ಅದರ ಕೆಳಗಿನ ಬಣ್ಣವನ್ನು ಬೆರಳಗಲದಷ್ಟು ಸ್ಯಾಂಡ್‌ಪೇಪರಿನಿಂದ ಕೆರೆದು, ಮತ್ತೆ ಬಿಗಿದರು. ಚಾಸಿಗೆ ಬಣ್ಣ ಬಳಿದವರು ಎಷ್ಟು ಶ್ರದ್ಧೆಯಿಂದ ಬಳಿದಿದ್ದರೆಂದರೆ ವಿದ್ಯುತ್ತಿಗೆ ಹಿಂದಿರುಗುವ ದಾರಿಯೇ ಉಳಿದಿರಲಿಲ್ಲ. ಅದು ಪಾಪ, ಎದುರಿನ ಬಲ್ಬಿನೊಳಗಿಂದ ಸುತ್ತಿ ಬಳಸಿ ಮನೆಗೆ ಹೋಗುತ್ತಿತ್ತು. ಸ್ಯಾಂಡ್‌ಪೇಪರಿನ ಆ ತುಂಡು ನನ್ನ ಪುಸ್ತಕದ ಅತಿ ಅಗ್ಗದ ಬಾಬ್ತು. ಅದಕ್ಕೆ ಮುಂಚಿನ ಸಾಲುಗಳೆಲ್ಲ ಕೂಡಿ ಮೂರು ಶೀಟು.

ಇನ್ನು ತೂಕ. ಟ್ರೈಲರ್‌ನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಅದರ ಹಿಂಭಾಗ ಅತ್ತಿತ್ತ ತೂಗಾಡಲು ತೊಡಗಿ ಕಾರನ್ನೂ ಜೊತೆಗೆ ಎಳೆಯುತ್ತದೆ. ನಮ್ಮದು ಸುಮಾರು 450 ಕಿಲೋ ಇದ್ದುದರಿಂದ 45ರಿಂದ 67 ಕಿಲೋ ನಡುವೆ ಬರಬೇಕಿತ್ತು. ಇದನ್ನು ಮೈತೂಕ ನೋಡುವ ಮನೆಯ ಯಂತ್ರದಿಂದಲೇ ಅಳೆಯಬಹುದು. ಯಂತ್ರದ ಮೇಲೊಂದು ಹಲಗೆ ಇಡೋಣವೆಂದೆ. “150 ಕಿಲೋ ತಡೆಯುತ್ತದೆಂದು ಅದರ ಮೇಲೆಯೇ ಬರೆದಿದೆಯಲ್ಲ ಭಾವ” ಎಂದ ಭಾವಮೈದುನ ಕೊಂಡಿಯನ್ನು ಎತ್ತಿಹಿಡಿಯುವ ಜಾಕಿನ ಕಾಲನ್ನು ನೇರವಾಗಿ ಅದರ ಗಾಜಿನ ಮೇಲೆ ಇಳಿಸಿದ. ಎರಡು ಅಗಲವಾದ ಪಾದಗಳನ್ನು ಹೊರಲು ಹುಟ್ಟಿದ ಗಾಜು ಕಬ್ಬಿಣದ ಒಂಟಿ ಕಾಲನ್ನು ಹೊರಲಿಲ್ಲ. 58 ಎಂದು ತೋರಿಸಿ, ಕರ್ತವ್ಯ ಮುಗಿಸಿ, ನಾಲ್ಕು ಹೋಳಾಯಿತು. “ಹೋಗಲಿ ಬಿಡಿ, ಅದು ಮೊದಲಿನಿಂದಲೂ ಎರಡು ಕಿಲೋ ಜಾಸ್ತಿಯೇ ತೋರಿಸುತ್ತಿತ್ತು” ಎಂದು ಹೆಂಡತಿ ಹೇಳಿದ್ದರಿಂದ ಮನೆಯಲ್ಲಿ ಶಾಂತಿ ನೆಲೆಸಿತಾದರೂ, 58 ಎಂದರೆ 56 ಇರಬಹುದೇ ಎಂಬ ಚಿಂತೆ ನನಗೆ ಹೊಸದಾಗಿ ಅಂಟಿಕೊಂಡಿತು. ಹೊಸ ಯಂತ್ರವನ್ನು ಅವಳೇ ಕೈಯಾರೆ ‘ಇತರೆ’ಯಲ್ಲಿ ಬರೆದಳು.

ಟ್ರೈಲರ್ ಅಂಗಳದಲ್ಲಿ ನಿಂತ ಮೇಲೆ ಒಬ್ಬರು ಕೊಳ್ಳುವ ಆಸೆಯಿಂದ ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳಿನ ಗೆಣ್ಣಿನಿಂದ ಗೋಡೆಯನ್ನು ತಟ್ಟಿ, “ಪ್ಲೈವುಡ್ ತಾನೆ? ಏಳೆಂಟು ಶೀಟು ಹಿಡಿದಿರಬಹುದು” ಎಂದು ಮನಸ್ಸಿನಲ್ಲೇ ಗುಣಿಸಿ, ತಮ್ಮ ದೃಷ್ಟಿಯಲ್ಲಿ ಬಹಳ ಧಾರಾಳವೆನಿಸಿದ ಒಂದು ಮೊತ್ತವನ್ನು ಹೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಒಳಗಿನಿಂದ ಪುಸ್ತಕ ತಂದಳು. ಇಷ್ಟು ದಿನ ನನ್ನ ವಿರುದ್ಧ ಸಾಕ್ಷಿಯಾಗಿದ್ದ ಪುಸ್ತಕ ಅವತ್ತು ನನ್ನ ಪರ ವಹಿಸಿತು. ಸ್ಕ್ರೂಗಳಿಂದ ಆರಂಭಿಸಿ, ಬ್ಯುಟೈಲ್, ಎಪಾಕ್ಸಿ, ಮೂರು ದರ್ಜೆಯ ಸ್ಯಾಂಡ್‌ಪೇಪರ್, ಸೀಳಿದ ಶೀಟು, ಬಿಳಿಯ ಪ್ಯಾಂಟು, ತೂಕದ ಯಂತ್ರ, ಒಂದನ್ನೂ ಬಿಡದೆ ನಿಧಾನವಾಗಿ, ಅಡ್ಡ ಮೊತ್ತಗಳ ಸಮೇತ ಓದಿದಳು. ಬಂದವರು ಮೊದಲು ನಕ್ಕರು, ಆಮೇಲೆ ಗಡಿಯಾರ ನೋಡಿಕೊಂಡರು, ಪ್ಯಾಂಟಿನ ಹತ್ತಿರ ಬರುವಾಗ ಚಪ್ಪಲಿ ಮೆಟ್ಟಿದರು.

“ಇದೇನು ರೀ, ಚಾಸಿಯ ಪುಟ ಇನ್ನೂ ತೆರೆದೇ ಇರಲಿಲ್ಲ, ಅಷ್ಟರಲ್ಲೇ ಹೊರಟುಹೋದರಲ್ಲ!” ಎಂದು ಗೇಟಿನತ್ತ ನೋಡುತ್ತ ಅವಳು ಪುಟ ಮಗುಚಿದಳು.