ಮೊದಲು ಪುಕ್ಕಟೆ ಕವರ್ ನಿಲ್ಲಲಿ

ನಾನಿರುವುದು ಡಬ್ಲಿನ್‌ನಲ್ಲಿ. ಐರ್ಲೆಂಡ್ ಸರಕಾರ ಪ್ಲಾಸ್ಟಿಕ್ ಚೀಲಕ್ಕೆ ಬೆಲೆ ಕಟ್ಟಿತು. ನಮ್ಮ ಕರ್ನಾಟಕ ಅದನ್ನು ನಿಷೇಧಿಸಿತು. ಯಾವ ಕಡೆಯ ಬೇಲಿಯಲ್ಲಿ, ಮೋರಿಯಲ್ಲಿ ಈಗ ಕವರ್ ಜಾಸ್ತಿ ಸಿಕ್ಕಿಕೊಂಡಿದೆ ಅನ್ನುವುದು ಎರಡೂ ಕಡೆ ಓಡಾಡುವವರಿಗೆ ಗೊತ್ತು. ಊರಿಗೆ ಬಂದಾಗಲೆಲ್ಲ ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಇಲ್ಲಿ ತೆರಿಗೆ ಬಂದದ್ದು 2002ರ ಮಾರ್ಚ್ 4ರಂದು. ಒಂದು ಚೀಲಕ್ಕೆ 15 ಸೆಂಟ್. ಅದಕ್ಕೆ ಮುಂಚೆ ತಲಾ ವರ್ಷಕ್ಕೆ 328 ಚೀಲ ಖರ್ಚಾಗುತ್ತಿತ್ತು ಅಂತ ಸರಕಾರದ ಅಂದಾಜು. ತೆರಿಗೆ ಬಂದದ್ದೇ ತಡ, ಅದು 21ಕ್ಕೆ ಇಳಿಯಿತು. ನಾಲ್ಕೈದು ವರ್ಷಕ್ಕೆ ಜನಕ್ಕೆ ಆ 15 ಸೆಂಟ್ ಕೊಡುವುದೂ ರೂಢಿಯಾಗಿ, ಲೆಕ್ಕ ಮತ್ತೆ 30ರ ಮೇಲೆ ಹೋಯಿತು. ಸರಕಾರ ಸುಮ್ನೆ ನೋಡುತ್ತಾ ಕೂರಲಿಲ್ಲ. 2007ರ ಜುಲೈನಲ್ಲಿ 22 ಸೆಂಟ್ ಮಾಡಿತು.

22 ಸೆಂಟ್ ಏನೂ ದೊಡ್ಡ ದುಡ್ಡಲ್ಲ. ಅದಕ್ಕೆ ಇಲ್ಲಿ ಒಂದು ಟೀ ಕೂಡ ಬರುವುದಿಲ್ಲ. ಕೆಲಸ ಮಾಡಿದ್ದು ಕಾನೂನಿನಲ್ಲಿರುವ ಒಂದು ಸಣ್ಣ ಷರತ್ತು. ಅಂಗಡಿಯವರು ಆ ತೆರಿಗೆಯನ್ನು ತಾವೇ ಕಟ್ಟಿ ಗಿರಾಕಿಗೆ ಚೀಲವನ್ನು ಪುಕ್ಕಟೆ ಕೊಡುವ ಹಾಗಿಲ್ಲ. ಗಿರಾಕಿಯಿಂದಲೇ ತೆಗೆದುಕೊಳ್ಳಬೇಕು, ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಬೇಕು. ಹಾಲು, ಬ್ರೆಡ್, ಮೊಟ್ಟೆ, ಅದರ ಕೆಳಗೆ ಚೀಲ. ಕೌಂಟರಿನಲ್ಲಿರುವವರು ‘ಚೀಲ ಬೇಕಾ?’ ಅಂತ ಕೇಳುತ್ತಾರೆ. ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಬೇಕು ಅಂತ ಬಾಯಿಬಿಟ್ಟು ಹೇಳಬೇಕು. ಕೇಳದೆ ಕೈಗೆ ಬರುವ ಚೀಲವೇ ಬೇರೆ, ಕೇಳಿ ಪಡೆಯಬೇಕಾದ ಚೀಲವೇ ಬೇರೆ. ಅದಕ್ಕೇ ಇಲ್ಲಿ ಜನ ಕೋಟಿನ ಜೇಬಿನಲ್ಲಿ ಒಂದು, ಕಾರಿನ ಡಿಕ್ಕಿಯಲ್ಲಿ ನಾಲ್ಕು ಚೀಲ ಇಟ್ಟುಕೊಂಡಿರುತ್ತಾರೆ. ಚೀಲ ಮರೆತವರು ಟೊಮೆಟೊ, ಈರುಳ್ಳಿ ಎಲ್ಲವನ್ನೂ ಎದೆಗವಚಿಕೊಂಡು ಮಳೆಯಲ್ಲಿ ಬಸ್ ಸ್ಟಾಪಿಗೆ ಓಡುವುದನ್ನೂ ನೋಡಿದ್ದೇನೆ.

ಇನ್ನೊಂದು ವಿಷಯ. ಈ ದುಡ್ಡು ಅಂಗಡಿಯವರ ಗಲ್ಲಾಪೆಟ್ಟಿಗೆಗೆ ಹೋಗುವುದಿಲ್ಲ, ಪರಿಸರದ ಕೆಲಸಕ್ಕೆಂದೇ ಇರುವ ಸರಕಾರಿ ನಿಧಿಗೆ ಹೋಗುತ್ತದೆ. ನಮ್ಮ ಸೂಪರ್ ಮಾರ್ಕೆಟ್‌ಗಳಲ್ಲಿ ಚೀಲಕ್ಕೆ ತೆಗೆದುಕೊಳ್ಳುವ ದುಡ್ಡು ಅಂಗಡಿಗೇ ಸೇರುತ್ತದೆ. ಜನ ಜಗಳ ಆಡುವುದರಲ್ಲಿ ಆಶ್ಚರ್ಯ ಏನಿದೆ?

ಕರ್ನಾಟಕದಲ್ಲಿ ನಿಷೇಧ ಬಂದದ್ದು 2016ರ ಮಾರ್ಚ್‌ನಲ್ಲಿ. ಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಥರ್ಮೋಕೋಲ್ ಎಲ್ಲವೂ ಪಟ್ಟಿಯಲ್ಲಿದ್ದವು. ಕಾಗದದ ಮೇಲೆ ಐರ್ಲೆಂಡಿಗಿಂತ ಗಟ್ಟಿ ಕಾನೂನು. ಆದರೆ ಈಗಲೂ ಮೆಡಿಕಲ್ ಶಾಪಿನಲ್ಲಿ ಒಂದು ಸ್ಟ್ರಿಪ್ ಮಾತ್ರೆ ತಗೊಂಡರೆ ಕವರ್. ಬೇಕರಿಯಲ್ಲಿ ಕಾಲು ಕಿಲೋ ಮಿಕ್ಸ್‌ಚರ್ ತಗೊಂಡರೆ, ಆ ಪೊಟ್ಟಣವನ್ನು ಹಾಕಿಕೊಡಲು ಇನ್ನೊಂದು ಕವರ್. ಬೇಡ ಅಂದರೆ ‘ಇರ್ಲಿ ತಗೊಳ್ಳಿ ಸಾರ್’ ಅನ್ನುತ್ತಾರೆ. ಕವರ್ ಕೊಡುವುದು ಗಿರಾಕಿಗೆ ಕೊಡುವ ಮರ್ಯಾದೆ ಆಗಿಬಿಟ್ಟಿದೆ.

ಸೊಪ್ಪಿನ ಗಾಡಿಯಮ್ಮನ ಪಾಡು ಬೇರೆ. ‘ಕವರ್ ಇಲ್ಲ ಅಂದ್ರೆ ಪಕ್ಕದ ಗಾಡಿಗೆ ಹೋಗ್ತಾರಣ್ಣ’ ಅನ್ನುತ್ತಾರೆ. ಅದು ನಿಜ. ಎರಡು ಕಟ್ಟು ಕೊತ್ತಂಬರಿಯಲ್ಲಿ ಅವರಿಗೆ ಗಿಟ್ಟುವುದೇ ಅಷ್ಟು, ಅದರಲ್ಲಿ ಕವರಿನ ಖರ್ಚೂ ಅವರದೇ. ದಾಳಿ ಅಂತ ಬಂದಾಗ ದಂಡ ಬೀಳುವುದೂ ಇಂಥವರಿಗೇ. ಆ ಕವರ್ ತಯಾರಾಗುವ ಕಾರ್ಖಾನೆ ಗಾಡಿಯ ಹಾಗೆ ರಸ್ತೆ ಬದಿಯಲ್ಲಿ ಕಣ್ಣಿಗೆ ಬೀಳುವುದಿಲ್ಲವಲ್ಲ. ಇದು ಅನ್ಯಾಯ. ಐರ್ಲೆಂಡಿನಲ್ಲಿ ಎಲ್ಲ ಅಂಗಡಿಗೂ ಒಂದೇ ನಿಯಮ ಇರುವುದರಿಂದ ಚೀಲಕ್ಕಾಗಿ ಗಿರಾಕಿ ಪಕ್ಕದ ಅಂಗಡಿಗೆ ಹೋಗಿ ಏನೂ ಪ್ರಯೋಜನವಿಲ್ಲ.

ನಮ್ಮಲ್ಲಿ ಇಂಥ ನಿಯಮ ಇರಲಿಲ್ಲ ಅಂತಲ್ಲ. ಅಂಗಡಿಯವರು ಕ್ಯಾರಿ ಬ್ಯಾಗನ್ನು ಪುಕ್ಕಟೆ ಕೊಡಬಾರದು ಅಂತ ಕೇಂದ್ರ ಸರಕಾರ 2011ರಲ್ಲೇ ಹೇಳಿತ್ತು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಸಾಕಿತ್ತು.

ಹಾಗಂತ ಇಲ್ಲಿಯದೆಲ್ಲ ಒಳ್ಳೆಯದು ಅಂತಲ್ಲ. ಬಿಡಿ ಹಣ್ಣು, ತರಕಾರಿ, ಮೀನು ಹಾಕಿಕೊಳ್ಳುವ ಸಣ್ಣ ಕವರಿಗೆ ತೆರಿಗೆ ಇಲ್ಲ. ಮೂರು ದಪ್ಪ ಮೆಣಸಿನಕಾಯಿಗೂ ಪ್ಲಾಸ್ಟಿಕ್ ಸುತ್ತಿ ಮಾರುತ್ತಾರೆ. ಹೂವನ್ನು ಬಾಳೆ ಎಲೆಯಲ್ಲಿ ಕಟ್ಟಿಕೊಡುವ, ಬೇಳೆಯನ್ನು ಪೇಪರಿನಲ್ಲಿ ಸುತ್ತಿ ದಾರ ಬಿಗಿಯುವ ಕೈಗಳು ನಮ್ಮಲ್ಲಿದ್ದವು, ಈಗಲೂ ಅಲ್ಲಲ್ಲಿ ಇವೆ. ಚೀಲವಂತೂ ಪ್ರತಿ ಮನೆಯ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿರುತ್ತದೆ, ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲಗಳೇ ಒಂದು ರಾಶಿ. ಹೊಸ ಬಟ್ಟೆ ಚೀಲ ಕೊಳ್ಳಲು ಹೋಗಬೇಡಿ. ಹತ್ತಿ ಬೆಳೆಯಲು, ನೇಯಲು ಆಗುವ ಖರ್ಚೂ ಪರಿಸರದ್ದೇ. ಹವಾಮಾನ ಬದಲಾವಣೆಯ ಲೆಕ್ಕದಲ್ಲಿ ಹತ್ತಿ ಚೀಲವನ್ನು 131 ಸಲ ಬಳಸಿದರೆ ಮಾತ್ರ ಅದು ಒಂದೇ ಸಲ ಬಳಸಿದ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲು ಅಂತ ಬ್ರಿಟನ್ನಿನ ಪರಿಸರ ಸಂಸ್ಥೆಯ 2011ರ ವರದಿ ಹೇಳಿತ್ತು. ಇರುವುದನ್ನೇ ಹರಿಯುವ ತನಕ ಬಳಸಬೇಕು, ಹರಿದರೆ ಹೊಲಿಯಬೇಕು.

ನನ್ನ ಕೇಳಿಕೆ ಇಷ್ಟು. ಗಾಡಿಯವರನ್ನು ಸದ್ಯಕ್ಕೆ ಬಿಟ್ಟುಬಿಡಿ. ಬಿಲ್ ಕೊಡುವ ಮೆಡಿಕಲ್ ಶಾಪು, ಬೇಕರಿ, ಬಟ್ಟೆ ಅಂಗಡಿ, ಹೋಟೆಲುಗಳಿಂದ ಶುರು ಮಾಡಿ. ಬಟ್ಟೆಯದೋ ಪೇಪರಿನದೋ, ಯಾವ ಚೀಲವನ್ನೂ ಪುಕ್ಕಟೆ ಕೊಡಬಾರದು. ಆ ದುಡ್ಡು ಊರಿನ ಕಸ ವಿಲೇವಾರಿಗೆ ಹೋಗಲಿ, ಎಷ್ಟು ಬಂತು ಅಂತ ಜನಕ್ಕೆ ಕಾಣಲಿ. ಪಾರ್ಸೆಲ್ ಚಾರ್ಜ್ ಅಂತ ಐದೋ ಹತ್ತೋ ರೂಪಾಯಿ ಹಾಕುವ ಹೋಟೆಲುಗಳು ಈಗಾಗಲೇ ಇವೆ. ಮನೆಯಿಂದ ಡಬ್ಬಿ ತಂದವರಿಂದ ಅದನ್ನು ತೆಗೆದುಕೊಳ್ಳಬಾರದು ಅಂತ ಒಂದು ನಿಯಮ ಮಾಡಿದರೆ, ಬೆಳಗಿನ ಇಡ್ಲಿ ಸಾಂಬಾರಿನಿಂದಲೇ ಶುರು ಮಾಡಬಹುದು, ಅಲ್ವಾ?